ಸೋಸಿದ ಕೂಡಲೇ ನಿಲ್ಲುವ ಕೋಡ್: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಉತ್ತರಿಸುತ್ತಿರುವ ಪ್ರಶ್ನೆಗಳು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದವು. ಒಬ್ಬರದು ಮಳೆಯ ಲೆಕ್ಕ, ಒಬ್ಬರದು ಕುಡಿಯುವ ನೀರಿನದು, ಇನ್ನೊಬ್ಬರದು ಕಣ ಭೌತವಿಜ್ಞಾನ. ಆದರೆ ಎಲ್ಲರ ತೊಂದರೆಯೂ ಒಂದೇ ಜಾಗದಲ್ಲಿದೆ: ಇಡೀ ಕಡತ ಓದುವಾಗ ಕೋಡ್ ಚೆನ್ನಾಗಿಯೇ ಓಡುತ್ತದೆ, ಬೇಕಾದ ಸಾಲುಗಳನ್ನಷ್ಟೇ ಸೋಸಿಕೊಂಡ ಮೇಲೆ ನಿಂತುಹೋಗುತ್ತದೆ. ಎರರ್ ತೋರಿಸುವ ಸಾಲನ್ನೇ ಹಿಡಿದು ತಿದ್ದುತ್ತ ಕೂತರೆ ದಿನಗಟ್ಟಲೆ ಹೋಗುತ್ತದೆ. ಫಿಲ್ಟರ್ ಏನನ್ನು ಉಳಿಸಿತು, ಏನನ್ನು ಬಿಟ್ಟಿತು, ಉಳಿದದ್ದು ಯಾವ ರೂಪದಲ್ಲಿದೆ ಎಂದು ಮೊದಲು ನೋಡಬೇಕು. ಆಜ್ಞೆಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲೇ ಅಚ್ಚು ಮಾಡಿದ್ದೇವೆ.

ಪ್ರಶ್ನೆ: ಒಂದು ಮಳೆಮಾಪನ ಕೇಂದ್ರದ 1991ರಿಂದ 2020ರವರೆಗಿನ ದಿನವಾರು ಮಳೆಯ ಕಡತ ನನ್ನಲ್ಲಿದೆ. ತೊಗರಿ ಹೊಲದಲ್ಲಿರುವ ತಿಂಗಳುಗಳಲ್ಲಿ ಎರಡು ಮಳೆಗಳ ನಡುವೆ ಎಷ್ಟು ದಿನ ಬಿಡುವು ಬೀಳುತ್ತದೆ ಎಂದು ಲೆಕ್ಕ ಹಾಕಬೇಕು. ಪೈಥಾನ್ ಭಾಷೆಯ ಕೋಷ್ಟಕ ಸಾಧನವಾದ ಪಾಂಡಾಸ್‌ನಲ್ಲಿ 2.5 ಮಿ.ಮೀ.ಗಿಂತ ಹೆಚ್ಚು ಮಳೆಯಾದ ದಿನಗಳನ್ನು ಸೋಸಿ, ಫಾರ್ ಲೂಪ್‌ನಲ್ಲಿ ಒಂದೊಂದೇ ಸಾಲು ತೆಗೆದುಕೊಂಡರೆ ಮೊದಲ ಸುತ್ತಿನಲ್ಲೇ ‘ಕೀಎರರ್: 0’ ಬರುತ್ತದೆ. ಸೋಸದೆ ಓಡಿಸಿದರೆ ಬರುವುದಿಲ್ಲ. ಯಾಕೆ?
— ಸಂಶೋಧನಾ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಶಾಲೆಯ ಹಾಜರಿ ಪುಸ್ತಕವನ್ನು ನೆನೆಸಿಕೊಳ್ಳಿ. ಒಂದನೇ ನಂಬರಿನ ಹುಡುಗ ಗೈರುಹಾಜರಾದ ದಿನ ಎರಡನೇ ನಂಬರಿನವನು ಒಂದನೆಯವನಾಗುವುದಿಲ್ಲ. ಡೇಟಾಫ್ರೇಮ್‌ನ (ಪಾಂಡಾಸ್ ಕಡತವನ್ನು ಇಟ್ಟುಕೊಳ್ಳುವ ಕೋಷ್ಟಕದ) ಇಂಡೆಕ್ಸ್, ಅಂದರೆ ಸಾಲಿನ ನಂಬರು, ಕೂಡ ಹಾಗೆಯೇ. ಕಡತ ಓದಿದಾಗ ಸಾಲುಗಳಿಗೆ 0, 1, 2 ಎಂದು ನಂಬರು ಬೀಳುತ್ತದೆ. ಸೋಸಿದಾಗ ಉಳಿದ ಸಾಲುಗಳು ತಮ್ಮ ಹಳೆಯ ನಂಬರನ್ನೇ ಹೊತ್ತುಕೊಂಡಿರುತ್ತವೆ. ನಿಮ್ಮ ಕಡತ ಜನವರಿ 1ರಿಂದ ಶುರುವಾಗುತ್ತದೆ, ನಿಮ್ಮ ಕಡೆ ಆ ದಿನ ಮಳೆ ಬರುವುದೇ ಅಪರೂಪ. ಹಾಗಾಗಿ 0 ನಂಬರಿನ ಸಾಲು ಫಿಲ್ಟರ್‌ನಲ್ಲಿ ಬಿದ್ದುಹೋಗಿದೆ. ಲೂಪ್ ಕೇಳುವುದು ‘ಮೊದಲನೆಯ ಸಾಲು ಕೊಡು’ ಎಂದಲ್ಲ, ‘0 ಎಂಬ ಹೆಸರಿನ ಸಾಲು ಕೊಡು’ ಎಂದು. ಅಂಥ ಸಾಲೇ ಇಲ್ಲ.

ತಕ್ಷಣದ ಪರಿಹಾರ ಎರಡಿವೆ. ಸ್ಥಾನ ನೋಡಿ ತೆಗೆಯಬೇಕಾದರೆ ಐಲೋಕ್ ಬಳಸಿ; ಇಲ್ಲವೇ ಸೋಸಿದ ಮೇಲೆ ರೀಸೆಟ್_ಇಂಡೆಕ್ಸ್(ಡ್ರಾಪ್=ಟ್ರೂ) ಹಾಕಿ ಹೊಸ ನಂಬರು ಕೊಡಿ. ಮೂಲ ಕಡತದ ಯಾವ ಸಾಲಿನಿಂದ ಬಂದದ್ದು ಎಂದು ಮುಂದೆ ಹಿಂತಿರುಗಿ ನೋಡುವ ಅಗತ್ಯವಿದ್ದರೆ ರೀಸೆಟ್ ಮಾಡಬೇಡಿ, ಆ ಕೊಂಡಿ ಕಳೆದುಹೋಗುತ್ತದೆ.

ಆದರೆ ನಿಮ್ಮ ಕೆಲಸಕ್ಕೆ ಲೂಪ್ ಬೇಕಾಗಿಯೇ ಇಲ್ಲ. ಸೋಸಿದ ಸಾಲುಗಳ ದಿನಾಂಕದ ಕಾಲಂಗೆ ಡಿಫ್ ಹಾಕಿದರೆ ಹಿಂದಿನ ಮಳೆದಿನಕ್ಕೂ ಈ ಮಳೆದಿನಕ್ಕೂ ಇರುವ ಅಂತರ ಸಿಗುತ್ತದೆ; ಅದರಲ್ಲಿ 1 ಕಳೆದರೆ ಬಿಡುವಿನ ದಿನಗಳು. ಜೂನ್ 9ರಂದು ಮಳೆ, ಮುಂದಿನದು ಜೂನ್ 21ರಂದು ಎಂದಾದರೆ ಅಂತರ 12, ಒಣದಿನ 11. ಜೂನ್‌ನಿಂದ ಡಿಸೆಂಬರ್‌ವರೆಗಿನ ಸಾಲುಗಳನ್ನಷ್ಟೇ ಇಟ್ಟುಕೊಂಡು, ವರ್ಷದ ಪ್ರಕಾರ ಗ್ರೂಪ್‌ಬೈ ಮಾಡಿದ ಮೇಲೆ ಡಿಫ್ ಹಾಕಿ. ಇಲ್ಲದಿದ್ದರೆ ಒಂದು ವರ್ಷದ ನವೆಂಬರ್ ಮಳೆಗೂ ಮರುವರ್ಷದ ಜೂನ್ ಮಳೆಗೂ ನಡುವಿನ ಬೇಸಿಗೆಯೆಲ್ಲ ಬಿಡುವು ಎಂದು ಲೆಕ್ಕಕ್ಕೆ ಬರುತ್ತದೆ. ಹೀಗೆ ಮಾಡಿದಾಗ ಪ್ರತಿ ವರ್ಷದ ಮೊದಲ ಮಳೆದಿನಕ್ಕೆ ಹಿಂದಿನದು ಇರುವುದಿಲ್ಲವಾದ್ದರಿಂದ ಅಲ್ಲಿ ಖಾಲಿ ಬೆಲೆ ಬರುತ್ತದೆ. ಆ ಕಾಲಂ ಅನ್ನು ಹಾಗೆಯೇ ಪೂರ್ಣಾಂಕಕ್ಕೆ ತಿರುಗಿಸಲು ಹೋದರೆ ಇನ್ನೊಂದು ಎರರ್ ಕಾದಿದೆ, ಖಾಲಿ ಬೆಲೆ ಪೂರ್ಣಾಂಕವಾಗಲಾರದು. ಮೊದಲು ಖಾಲಿ ಸಾಲುಗಳನ್ನು ಕೈಬಿಡುವ ಡ್ರಾಪ್‌ಎನ್‌ಎ ಹಾಕಿ, ಆಮೇಲೆ ತಿರುಗಿಸಿ.

ಇನ್ನೂ ಎರಡು ವಿಷಯ ಹೇಳಲೇಬೇಕು, ಏಕೆಂದರೆ ಇವು ಎರರ್ ಕೊಡದೆಯೇ ಉತ್ತರ ಕೆಡಿಸುತ್ತವೆ. ಹವಾಮಾನ ಇಲಾಖೆಯ ವ್ಯಾಖ್ಯೆಯಂತೆ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದ ದಿನ ಮಳೆದಿನ. ನೀವು > ಹಾಕಿದ್ದೀರಿ, ಅಲ್ಲಿ >= ಬೇಕು; ಸರಿಯಾಗಿ 2.5 ಎಂದು ದಾಖಲಾದ ದಿನಗಳೆಲ್ಲ ಬಿಟ್ಟುಹೋಗಿವೆ. ಎರಡನೆಯದು ಇದಕ್ಕಿಂತ ಗಂಭೀರ. ಅಳತೆ ಬರೆಯದೆ ಬಿಟ್ಟ ದಿನದ ಖಾನೆ ಖಾಲಿ ಇರುತ್ತದೆ. ಖಾಲಿ ಬೆಲೆಯನ್ನು ಯಾವ ಸಂಖ್ಯೆಗಿಂತ ಹೆಚ್ಚೇ, ಕಡಿಮೆಯೇ ಎಂದು ಹೋಲಿಸಿದರೂ ಉತ್ತರ ‘ಸುಳ್ಳು’ ಎಂದೇ ಬರುತ್ತದೆ. ಅಂದರೆ ‘ಗೊತ್ತಿಲ್ಲ’ ಎಂಬ ದಿನ ‘ಮಳೆ ಇಲ್ಲ’ ಎಂಬ ದಿನವಾಗಿಬಿಡುತ್ತದೆ, ಬಿಡುವು ಉದ್ದವಾಗುತ್ತದೆ. 1991ರಿಂದ 2020ರವರೆಗೆ ಎಂಟು ಅಧಿಕ ವರ್ಷ ಸೇರಿ 10,958 ದಿನ. ನಿಮ್ಮ ಕಡತದಲ್ಲಿ ಅಷ್ಟೇ ಸಾಲು ಇವೆಯೇ ಎಂದು ಮೊದಲು ಎಣಿಸಿ. ಕಡಿಮೆ ಇದ್ದರೆ ದಿನಾಂಕವನ್ನು ಇಂಡೆಕ್ಸ್ ಮಾಡಿ ಆಸ್‌ಫ್ರೀಕ್('ಡಿ') ಕೊಡಿ, ಬಿಟ್ಟುಹೋದ ದಿನಗಳು ಖಾಲಿ ಸಾಲುಗಳಾಗಿ ಎದ್ದು ಕಾಣುತ್ತವೆ. ಒಂದೇ ದಿನಾಂಕ ಎರಡು ಸಲ ನಮೂದಾಗಿದ್ದರೆ ಈ ಆಜ್ಞೆಯೇ ಎರರ್ ಕೊಡುತ್ತದೆ, ಅದನ್ನೂ ಇಲ್ಲೇ ಸರಿಪಡಿಸಿಕೊಳ್ಳಬಹುದು. ಖಾಲಿ ದಿನ ಬಂದ ಬಿಡುವುಗಳನ್ನು ಲೆಕ್ಕದಿಂದ ಹೊರಗಿಟ್ಟು, ಎಷ್ಟನ್ನು ಹೊರಗಿಟ್ಟಿರಿ ಎಂದು ಪ್ರಬಂಧದಲ್ಲಿ ಬರೆಯಿರಿ.

ಪ್ರಶ್ನೆ: ಒಂದೇ ಷರತ್ತು ಇದ್ರ ಕೋಡ್ ನೆಟ್ಟಗ ನಡೀತದ. ‘ಮಳೆ 2.5ಕ್ಕಿಂತ ಜಾಸ್ತಿ, ತಿಂಗಳು ಜುಲೈ’ ಅಂತ ಎರಡು ಷರತ್ತು ಕೂಡಿಸಿದ ಕೂಡ್ಲೆ ‘ಟ್ರೂತ್ ವ್ಯಾಲ್ಯೂ ಆಂಬಿಗ್ಯುಅಸ್’ ಅಂತ ಬರ್ತದ. ‘ಆಂಡ್’ ತೆಗೆದು & ಹಾಕಿದ್ರ ಬ್ಯಾರೆ ಎರರ್ ಬರ್ತದ. ಏನ್ ಮಾಡ್ಬೇಕ್ರಿ?
— ಪದವಿ ವಿದ್ಯಾರ್ಥಿ, ಚಿತ್ತಾಪುರ

ಉತ್ತರ: & ಸರಿ, ಆದರೆ ಪ್ರತಿ ಷರತ್ತನ್ನೂ ಆವರಣದೊಳಗೆ ಹಾಕಿ: (ಮಳೆ >= 2.5) & (ತಿಂಗಳು == 7). ಪೈಥಾನ್‌ನಲ್ಲಿ & ಚಿಹ್ನೆ ಹೋಲಿಕೆ ಚಿಹ್ನೆಗಳಿಗಿಂತ ಬಿಗಿ. ಆವರಣ ಇಲ್ಲದಿದ್ದರೆ ಅದು ಮೊದಲು 2.5 ಮತ್ತು ತಿಂಗಳು ಎರಡನ್ನೂ ಜೋಡಿಸಲು ನೋಡುತ್ತದೆ. ‘ಆಂಡ್’ ಎಂಬ ಪದಕ್ಕೆ ಒಂದೇ ಒಂದು ಹೌದು ಅಥವಾ ಇಲ್ಲ ಬೇಕು. ನೀವು ಕೊಡುತ್ತಿರುವುದು ಸಾವಿರಾರು ಸಾಲಿನ ಹೌದು-ಇಲ್ಲಗಳ ಪಟ್ಟಿ. ‘ಅಥವಾ’ ಬೇಕಾದರೆ |, ‘ಅಲ್ಲ’ ಬೇಕಾದರೆ ~. ಆವರಣದ ನಿಯಮ ಎಲ್ಲಕ್ಕೂ ಒಂದೇ.

ಪ್ರಶ್ನೆ: ನಮ್ಮ ತಾಲ್ಲೂಕಿನ ಕೊಳವೆಬಾವಿಗಳ ಫ್ಲೋರೈಡ್ ಪರೀಕ್ಷೆಯ ವರದಿಗಳನ್ನು ಒಂದೇ ಕಡತಕ್ಕೆ ಸೇರಿಸಿದ್ದೇವೆ. ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚಿರುವ ಬಾವಿಗಳನ್ನು ಸೋಸಲು ಹೋದರೆ ‘ಟೈಪ್‌ಎರರ್’ ಬಂದು ನಿಲ್ಲುತ್ತಿತ್ತು. ಟು_ನ್ಯೂಮರಿಕ್‌ಗೆ ಎರರ್ಸ್='ಕೋಅರ್ಸ್' ಕೊಟ್ಟು, ಡ್ರಾಪ್‌ಎನ್‌ಎ ಮಾಡಿದ ಮೇಲೆ ಎರರ್ ಹೋಯಿತು. ಆದರೆ ಸರಾಸರಿ ನಾವು ಕೈಯಲ್ಲಿ ಲೆಕ್ಕ ಹಾಕಿದ್ದಕ್ಕಿಂತ ತುಂಬಾ ಹೆಚ್ಚು ಬರುತ್ತಿದೆ. ಯಾವುದನ್ನು ನಂಬಬೇಕು?
— ರಸಾಯನಶಾಸ್ತ್ರ ಉಪನ್ಯಾಸಕರು, ಯಾದಗಿರಿ

ಉತ್ತರ: ಕೈಲೆಕ್ಕವನ್ನು ನಂಬಿ. ಎರರ್ ಹೋದದ್ದು ನಿಜ, ಅದರ ಜೊತೆ ನಿಮ್ಮ ಒಳ್ಳೆಯ ಬಾವಿಗಳೂ ಹೋದವು.

ಪ್ರಯೋಗಾಲಯದ ವರದಿಯಲ್ಲಿ ಎಲ್ಲ ಖಾನೆಗಳಲ್ಲೂ ಸಂಖ್ಯೆ ಇರುವುದಿಲ್ಲ. ಉಪಕರಣ ಗುರುತಿಸಲಾಗದಷ್ಟು ಕಡಿಮೆ ಇದ್ದಾಗ ‘<0.1’ ಎಂದೋ ‘ಬಿಡಿಎಲ್’ (ಗುರುತಿಸುವ ಮಿತಿಗಿಂತ ಕಡಿಮೆ) ಎಂದೋ ಬರೆಯುತ್ತಾರೆ. ಇಂಥ ಒಂದೇ ಒಂದು ಖಾನೆ ಇದ್ದರೂ ಇಡೀ ಕಾಲಂ ಅಕ್ಷರಗಳ ಕಾಲಂ ಆಗಿ ಓದಲ್ಪಡುತ್ತದೆ. ಅಕ್ಷರವನ್ನು 1.5ರ ಜೊತೆ ತೂಗಲು ಆಗದು, ಹಾಗಾಗಿ ಟೈಪ್‌ಎರರ್. ‘ಕೋಅರ್ಸ್’ ಅಂದರೆ ಬಲವಂತ ಮಾಡು ಎಂದರ್ಥ. ಸಂಖ್ಯೆಯಾಗದ್ದನ್ನೆಲ್ಲ ಅದು ಖಾಲಿ ಮಾಡುತ್ತದೆ. ಡ್ರಾಪ್‌ಎನ್‌ಎ ಆ ಖಾಲಿಗಳನ್ನು ಗುಡಿಸಿ ಹಾಕುತ್ತದೆ. ಹೀಗೆ ಹೊರಗೆ ಹೋದವು ಯಾವುವು? ಫ್ಲೋರೈಡ್ ಅತಿ ಕಡಿಮೆ ಇರುವ ಬಾವಿಗಳೇ.

ಐದು ಬಾವಿಗಳ ಲೆಕ್ಕ ನೋಡಿ. ಲೀಟರಿಗೆ ಮಿಲಿಗ್ರಾಂನಲ್ಲಿ 0.4, <0.1, 1.8, 2.2, <0.1. ಎರಡನ್ನು ಕೈಬಿಟ್ಟರೆ ಉಳಿದ ಮೂರರ ಸರಾಸರಿ 1.47, 1.5ರ ಮಿತಿ ಮೀರಿದವು ಮೂರರಲ್ಲಿ ಎರಡು, ಅಂದರೆ ನೂರಕ್ಕೆ 67. ಐದನ್ನೂ ಇಟ್ಟುಕೊಂಡು, <0.1 ಇರುವ ಕಡೆ ಗುರುತಿಸುವ ಮಿತಿ 0.1ರ ಅರ್ಧ, ಅಂದರೆ 0.05 ಎಂದು ಹಿಡಿದರೆ ಸರಾಸರಿ 0.90, ಮಿತಿ ಮೀರಿದವು ಐದರಲ್ಲಿ ಎರಡು, ನೂರಕ್ಕೆ 40. ಒಂದು ಊರಿಗೆ ಶುದ್ಧ ನೀರಿನ ಘಟಕ ಬೇಕೇ ಬೇಡವೇ ಎಂಬ ತೀರ್ಮಾನ ಈ ವ್ಯತ್ಯಾಸದ ಮೇಲೆ ನಿಂತಿರಬಹುದು.

ಮಾಡಬೇಕಾದದ್ದು ಹೀಗೆ. ಕಡತ ಓದುವಾಗ ಆ ಕಾಲಂ ಅನ್ನು ಬೇಕೆಂದೇ ಅಕ್ಷರವಾಗಿ ಓದಿ. ಅಂಚಿನ ಖಾಲಿ ಜಾಗವನ್ನು ಸ್ಟ್ರಿಪ್ ಮಾಡಿ. ‘<’ ಚಿಹ್ನೆಯಿಂದ ಶುರುವಾಗುವ ಅಥವಾ ‘ಬಿಡಿಎಲ್’ ಎಂದಿರುವ ಸಾಲುಗಳಿಗೆ ‘ಮಿತಿಗಿಂತ_ಕಡಿಮೆ’ ಎಂಬ ಹೊಸ ಹೌದು-ಇಲ್ಲ ಕಾಲಂ ಮಾಡಿ. ಇದಕ್ಕೆ ಸ್ಟಾರ್ಟ್ಸ್‌ವಿತ್ ಅಥವಾ ಕಂಟೇನ್ಸ್ ಬಳಸುವಾಗ ಎನ್‌ಎ=ಫಾಲ್ಸ್ ಕೊಡುವುದನ್ನು ಮರೆಯಬೇಡಿ. ಕೊಡದಿದ್ದರೆ ಪಾಂಡಾಸ್‌ನ ಹಳೆಯ ಆವೃತ್ತಿಗಳಲ್ಲಿ ನಿಜಕ್ಕೂ ಖಾಲಿ ಇರುವ ಖಾನೆಗೆ ಹೌದು-ಇಲ್ಲ ಎರಡೂ ಅಲ್ಲದ ಖಾಲಿ ಬೆಲೆಯೇ ಬರುತ್ತದೆ, ಆ ಮಾಸ್ಕ್‌ನಿಂದ (ಹೌದು-ಇಲ್ಲಗಳ ಪಟ್ಟಿಯಿಂದ) ಸೋಸಲು ಹೋದಾಗ ವ್ಯಾಲ್ಯೂಎರರ್. ಇಷ್ಟಾದ ಮೇಲೆ ಟು_ನ್ಯೂಮರಿಕ್ ಹಾಕಿ, ಅದು ಖಾಲಿ ಮಾಡಿದ ಖಾನೆಗಳಲ್ಲಿ ಮೂಲದಲ್ಲಿ ಏನಿತ್ತು ಎಂದು ವ್ಯಾಲ್ಯೂ_ಕೌಂಟ್ಸ್‌ನಿಂದ ಪಟ್ಟಿ ತೆಗೆಯಿರಿ. ‘1..8’, ‘1,8’, ‘ಓ’ ಅಕ್ಷರದಲ್ಲಿ ಬರೆದ ಸೊನ್ನೆ — ಬೆರಳಚ್ಚಿನ ತಪ್ಪುಗಳೆಲ್ಲ ಅಲ್ಲೇ ಸಿಗುತ್ತವೆ.

ಎಷ್ಟು ಬಾವಿ ಮಿತಿ ಮೀರಿವೆ ಎಂಬುದಷ್ಟೇ ಬೇಕಾದರೆ ಅರ್ಧ ಮಿತಿಯ ಊಹೆಯೂ ಬೇಡ, <0.1 ಎಂಬುದು 1.5ಕ್ಕಿಂತ ಕಡಿಮೆ ಎಂಬುದರಲ್ಲಿ ಅನುಮಾನವಿಲ್ಲ. ಸರಾಸರಿಯ ಬದಲು ಮಧ್ಯಾಂಕ ಕೊಟ್ಟರೂ ಊಹೆಯ ಅಗತ್ಯ ಬೀಳದು: ಮೇಲಿನ ಐದರ ಮಧ್ಯಾಂಕ 0.4, <0.1ಕ್ಕೆ ಏನೇ ಬೆಲೆ ಹಿಡಿದರೂ ಅದು ಬದಲಾಗದು. ಅರ್ಧಕ್ಕಿಂತ ಹೆಚ್ಚು ಬಾವಿಗಳು ಗುರುತಿಸುವ ಮಿತಿಯ ಕೆಳಗಿದ್ದರೆ ಮಾತ್ರ ಈ ದಾರಿ ಮುಚ್ಚುತ್ತದೆ. ಇನ್ನೊಂದು ಮಾತು: ಭಾರತೀಯ ಮಾನಕ ಬ್ಯೂರೋದ ಐಎಸ್ 10500:2012ರಲ್ಲಿ ಫ್ಲೋರೈಡ್‌ಗೆ ಸ್ವೀಕಾರಾರ್ಹ ಮಿತಿ 1.0, ಬೇರೆ ನೀರಿನ ಮೂಲ ಇಲ್ಲದಿದ್ದಾಗ ಒಪ್ಪಬಹುದಾದ ಮಿತಿ 1.5. ಎರಡಕ್ಕೂ ಬೇರೆ ಬೇರೆ ಎಣಿಕೆ ಕೊಡುವುದು ಒಳ್ಳೆಯದು.

ಪ್ರಶ್ನೆ: ತಾಲ್ಲೂಕು, ಜಿಲ್ಲೆಗಳ ಹೆಸರು ಕನ್ನಡದಲ್ಲೇ ಇರುವ ಕಡತ. ಜಿಲ್ಲೆ == 'ಬೀದರ್' ಎಂದು ಸೋಸಿ ಮೊದಲ ಸಾಲನ್ನು ಐಲೋಕ್[0]ರಿಂದ ತೆಗೆದರೆ ‘ಔಟ್ ಆಫ್ ಬೌಂಡ್ಸ್’ ಎಂದು ಇಂಡೆಕ್ಸ್‌ಎರರ್. ಪರದೆಯ ಮೇಲೆ ‘ಬೀದರ್’ ಎಂದು ಕಣ್ಣೆದುರೇ ಕಾಣುತ್ತಿದೆ!
— ಓದುಗರು, ಬೀದರ್

ಉತ್ತರ: ಕಣ್ಣಿಗೆ ಒಂದೇ ಆಗಿ ಕಂಡದ್ದು ಕಂಪ್ಯೂಟರಿಗೆ ಒಂದೇ ಆಗಿರಬೇಕಿಲ್ಲ. ನಿಮ್ಮ ಜಿಲ್ಲೆಯ ಹೆಸರೇ ಇದಕ್ಕೆ ಅಚ್ಚುಕಟ್ಟಾದ ಉದಾಹರಣೆ. ‘ಬೀ’ಯಲ್ಲಿರುವ ದೀರ್ಘವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು: 3264 ಎಂಬ ಒಂದೇ ಸಂಕೇತವಾಗಿ, ಅಥವಾ ಹ್ರಸ್ವ ಗುಡಿಸು 3263 ಮತ್ತು ದೀರ್ಘದ ಚಿಹ್ನೆ 3285 ಎಂದು ಎರಡಾಗಿ. ಅಚ್ಚಿನಲ್ಲಿ ಎರಡೂ ‘ಬೀ’. == ಚಿಹ್ನೆಗೆ ಮಾತ್ರ ಬೇರೆ ಬೇರೆ. ಮೊದಲ ರೀತಿಯಲ್ಲಿ ‘ಬೀದರ್’ ಪದಕ್ಕೆ ಲೆನ್ (ಸಂಕೇತಗಳ ಎಣಿಕೆ) ಹಾಕಿದರೆ 5 ಬರುತ್ತದೆ, ಎರಡನೆಯ ರೀತಿಯಲ್ಲಿ 6.

ಇದರ ಮೇಲೆ ಅರ್ಧಾಕ್ಷರದ ತೊಡಕು. ‘ಬೀದರ್‌ನಲ್ಲಿ’ ಎಂದು ಬರೆಯುವಾಗ ರ್ ಮತ್ತು ನ ಕೂಡಿಕೊಳ್ಳದಿರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ (8204) ಹಾಕುತ್ತೇವೆ. ನಕಲು ಮಾಡಿ ಅಂಟಿಸುವಾಗಲೋ ಹಳೆಯ ಫಾಂಟ್‌ನಿಂದ ಯೂನಿಕೋಡ್‌ಗೆ ತಿರುಗಿಸುವಾಗಲೋ ಅದು ಪದದ ಕೊನೆಗೆ ಅಂಟಿಕೊಂಡು ಉಳಿಯಬಹುದು. ಔರಾದ್, ಹುಮನಾಬಾದ್, ಚಿಟಗುಪ್ಪ, ಭಾಲ್ಕಿ — ಈ ಪಟ್ಟಿಯಲ್ಲಿ ಮೊದಲ ಎರಡು ಹೆಸರು ಸೋಸಿಗೆ ಸಿಗದೆ ಉಳಿದೆರಡು ಸಿಕ್ಕರೆ ಅನುಮಾನವೇ ಬೇಡ, ಕೊನೆಯ ಅರ್ಧಾಕ್ಷರದ ಹಿಂದೆ ಏನೋ ಅಡಗಿದೆ. ಸ್ಟ್ರಿಪ್ ಇದನ್ನು ತೆಗೆಯುವುದಿಲ್ಲ, ಅದರ ಲೆಕ್ಕದಲ್ಲಿ ಇದು ಖಾಲಿ ಜಾಗ ಅಲ್ಲ.

ಪತ್ತೆಗೆ ಒಂದು ಸಾಲು ಸಾಕು: ಕಾಲಂನ ಯುನೀಕ್ ಬೆಲೆಗಳನ್ನು ತೆಗೆದು, ಪ್ರತಿಯೊಂದರ ಪಕ್ಕ ಲೆನ್ ಮತ್ತು ಪ್ರತಿ ಅಕ್ಷರದ ಆರ್ಡ್ (ಯೂನಿಕೋಡ್ ಸಂಕೇತದ) ಸಂಖ್ಯೆ ಮುದ್ರಿಸಿ. 3285, 8204 ಅಥವಾ ಅದರಂಥದೇ ಕಾಣದ ಸಂಕೇತ 8205 ಕಂಡರೆ ಕಳ್ಳ ಸಿಕ್ಕಿದಂತೆ. ಪರಿಹಾರಕ್ಕೆ ಪೈಥಾನ್ ಜೊತೆಗೇ ಬರುವ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್‌ಗೆ 'ಎನ್‌ಎಫ್‌ಸಿ' ಕೊಟ್ಟು ಇಡೀ ಕಾಲಂಗೆ ಅನ್ವಯಿಸಿ, ಎರಡಾಗಿ ಬರೆದದ್ದೆಲ್ಲ ಒಂದಾಗುತ್ತದೆ. ಅದು 8204, 8205ನ್ನು ಮುಟ್ಟುವುದಿಲ್ಲ, ಅವನ್ನು ರಿಪ್ಲೇಸ್‌ನಿಂದ ಬೇರೆಯಾಗಿ ತೆಗೆಯಬೇಕು. ನೀವು ಹುಡುಕಲು ಟೈಪ್ ಮಾಡುವ ಪದಕ್ಕೂ ಇದೇ ಸಂಸ್ಕಾರ ಆಗಬೇಕು. ‘ಬೀದರ’ ಮತ್ತು ‘ಬೀದರ್’ ಎಂಬ ಕಾಗುಣಿತ ಭೇದವನ್ನು ಯಾವ ನಾರ್ಮಲೈಸೂ ಸರಿ ಮಾಡದು. ಅದಕ್ಕೆ ನೀವೇ ಒಂದು ಹೊಂದಾಣಿಕೆ ಪಟ್ಟಿ ಮಾಡಿಕೊಳ್ಳಬೇಕು.

ಹೆಸರಿನ ಮಾತು ಬಂದದ್ದರಿಂದ, ಸುರಪುರದ ಓದುಗರೊಬ್ಬರ ಪ್ರಶ್ನೆಗೂ ಇಲ್ಲೇ ಉತ್ತರ. 2001ರ ಜನಗಣತಿ ಕಡತದಲ್ಲಿ ‘ಯಾದಗಿರಿ’ ಜಿಲ್ಲೆ ಎಂದು ಸೋಸಿದರೆ ಒಂದೂ ಸಾಲು ಸಿಗದು. ಆಗ ಯಾದಗಿರಿ, ಶಹಾಪುರ, ಸುರಪುರ ಮೂರೂ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕುಗಳು. ‘ಕಲಬುರಗಿ’ ಎಂಬ ಅಧಿಕೃತ ಹೆಸರು ಬಂದದ್ದು 2014ರ ನವೆಂಬರ್ 1ರಂದು. ಹಲವು ವರ್ಷಗಳ ಕಡತ ಸೇರಿಸುವವರು ಜಿಲ್ಲೆಯಿಂದಲ್ಲ, ತಾಲ್ಲೂಕಿನಿಂದ ಸೋಸಿ. ಹುಣಸಗಿ, ವಡಗೇರಾ, ಗುರುಮಠಕಲ್‌ಗಳು ಆಮೇಲೆ ತಾಲ್ಲೂಕುಗಳಾದವು ಎಂಬುದನ್ನೂ ಗಮನದಲ್ಲಿಟ್ಟುಕೊಳ್ಳಿ. ಫಿಲ್ಟರ್ ಖಾಲಿ ಬಂದಾಗ ಐಲೋಕ್[0]ಗೆ ಮಾತ್ರ ಪೆಟ್ಟು ಬೀಳುತ್ತದೆ ಎಂದೇನಿಲ್ಲ. ಪೈಥಾನ್‌ನ ಗಣಿತ ಸಾಧನ ನಂಪೈನ ಖಾಲಿ ಅರೇಗೆ (ಸಂಖ್ಯೆಗಳ ಪಟ್ಟಿಗೆ) ಮ್ಯಾಕ್ಸ್ ಕೇಳಿದರೂ ವ್ಯಾಲ್ಯೂಎರರ್. ಮೀನ್ ಕೇಳಿದರೆ ಬರೀ ಒಂದು ಎಚ್ಚರಿಕೆ ಕೊಟ್ಟು ಖಾಲಿ ಬೆಲೆ ಹಿಂತಿರುಗಿಸಿ ಮುಂದೆ ಹೋಗುತ್ತದೆ, ಅದು ಹತ್ತು ಸಾಲಿನಾಚೆ ಇನ್ನೆಲ್ಲೋ ಕೋಡ್ ಕೆಡವುತ್ತದೆ. ಸೋಸಿದ ಕೂಡಲೇ ಸಾಲುಗಳನ್ನು ಎಣಿಸಿ, ಸೊನ್ನೆ ಇದ್ದರೆ ಯಾವ ಹೆಸರಿಗೆ ಸಿಗಲಿಲ್ಲ ಎಂದು ಸ್ಪಷ್ಟವಾಗಿ ಹೇಳಿ ನಿಲ್ಲುವ ಒಂದು ಷರತ್ತು ಬರೆಯಿರಿ.

ಪ್ರಶ್ನೆ: ಕಣ ಭೌತವಿಜ್ಞಾನದ ಸರ್ನ್ ಸಂಸ್ಥೆಯ ಮುಕ್ತ ದತ್ತಾಂಶದಿಂದ ಸಿಎಂಎಸ್ ಪ್ರಯೋಗದ ಕಡತ ಇಳಿಸಿಕೊಂಡು, ವಿಶ್ಲೇಷಣಾ ತಂತ್ರಾಂಶ ರೂಟ್‌ನ ಆರ್‌ಡೇಟಾಫ್ರೇಮ್ ಬಳಸಿ, ಎಲೆಕ್ಟ್ರಾನ್‌ಗಿಂತ ಭಾರವಾದ ಕಣಗಳಾದ ಎರಡು ಮ್ಯೂಆನ್‌ಗಳ ದ್ರವ್ಯರಾಶಿಯ ಹಿಸ್ಟೋಗ್ರಾಂ ಬಿಡಿಸುತ್ತಿದ್ದೇನೆ. ಸಿ++ನಲ್ಲಿ ಬರೆದ ಕೋಡ್. ಫಿಲ್ಟರ್ ಸಾಲುಗಳು ದಾಟುತ್ತವೆ, ಡ್ರಾ ಮಾಡುವಾಗ ‘ಸೆಗ್‌ಮೆಂಟೇಶನ್ ವಯಲೇಶನ್’. ಹಿಸ್ಟೋಗ್ರಾಂ ಭಾಗವನ್ನು ಎಷ್ಟು ತಿದ್ದಿದರೂ ಹೋಗುತ್ತಿಲ್ಲ.
— ಎಂ.ಎಸ್ಸಿ. ಭೌತವಿಜ್ಞಾನ ವಿದ್ಯಾರ್ಥಿ, ಆಳಂದ ತಾಲ್ಲೂಕು

ಉತ್ತರ: ಹಿಸ್ಟೋಗ್ರಾಂನಲ್ಲಿ ದೋಷವಿಲ್ಲ, ಅದನ್ನು ಮುಟ್ಟಬೇಡಿ. ಆರ್‌ಡೇಟಾಫ್ರೇಮ್ ಕೆಲಸವನ್ನು ಮುಂದೂಡುತ್ತದೆ. ಫಿಲ್ಟರ್ ಎಂದು ಬರೆದ ಸಾಲಿನಲ್ಲಿ ಅದು ಏನನ್ನೂ ಸೋಸುವುದಿಲ್ಲ, ಸೋಸಬೇಕು ಎಂದು ಬರೆದಿಟ್ಟುಕೊಳ್ಳುತ್ತದೆ, ಅಷ್ಟೆ. ಮೊದಲ ಸಲ ಫಲಿತಾಂಶ ಕೇಳಿದಾಗ, ಅಂದರೆ ನಿಮ್ಮ ಡ್ರಾ ಸಾಲಿನಲ್ಲಿ, ಎಲ್ಲ ಘಟನೆಗಳ (ಒಂದೊಂದು ಕಣ ಡಿಕ್ಕಿಯ ದಾಖಲೆಗಳ) ಸುತ್ತು ಶುರುವಾಗುತ್ತದೆ. ಫಿಲ್ಟರ್‌ನ ಒಳಗಿನ ತಪ್ಪು ಡ್ರಾದಲ್ಲಿ ಬಯಲಾಗುವುದು ಇದರಿಂದ. ಒಂದೊಂದು ಫಿಲ್ಟರ್ ಆದ ಮೇಲೆ ಕೌಂಟ್ ಹಾಕಿ ಅದರ ಬೆಲೆ ಮುದ್ರಿಸುತ್ತ ಹೋಗಿ, ಯಾವ ಕೊಂಡಿಯಲ್ಲಿ ಬೀಳುತ್ತದೆ ಎಂದು ಗೊತ್ತಾಗುತ್ತದೆ.

ಹೆಚ್ಚಿನ ಸಲ ಕಾರಣ ಇದು. ಪ್ರತಿ ಘಟನೆಯಲ್ಲೂ ಮ್ಯೂಆನ್‌ಗಳ ಸಂಖ್ಯೆ ಬೇರೆ: ಸೊನ್ನೆ ಇರಬಹುದು, ಒಂದಿರಬಹುದು, ನಾಲ್ಕಿರಬಹುದು. ಎರಡರ ವಿದ್ಯುದಂಶ ವಿರುದ್ಧವಿರಬೇಕು ಎಂದು [0] ಮತ್ತು [1] ಹೋಲಿಸುವ ಫಿಲ್ಟರ್ ಅನ್ನು, ‘ಎರಡೇ ಮ್ಯೂಆನ್ ಇರಬೇಕು’ ಎಂಬ ಫಿಲ್ಟರ್‌ಗಿಂತ ಮೊದಲು ಬರೆದಿದ್ದರೆ, ಮ್ಯೂಆನ್ ಇಲ್ಲದ ಘಟನೆಯಲ್ಲೂ ಅದು [1]ಕ್ಕೆ ಕೈ ಹಾಕುತ್ತದೆ. ಆ ಚೌಕಾವರಣ ಗಡಿ ನೋಡುವುದಿಲ್ಲ. ಪಕ್ಕದ ಮೆಮೊರಿಯಲ್ಲಿ ಏನಿದೆಯೋ ಅದನ್ನೇ ಓದುತ್ತದೆ, ಒಮ್ಮೆ ಕುಸಿಯುತ್ತದೆ, ಒಮ್ಮೆ ಕಸವನ್ನು ವಿದ್ಯುದಂಶವೆಂದು ಕೊಡುತ್ತದೆ. ಎಣಿಕೆಯ ಫಿಲ್ಟರ್ ಮೊದಲು, ಒಳಗಿಳಿಯುವ ಫಿಲ್ಟರ್ ಆಮೇಲೆ. ಒಂದೇ ಫಿಲ್ಟರ್‌ನಲ್ಲಿ ಬರೆಯುವುದಾದರೆ && ಬಳಸಿ, ಎಡಗಡೆ ಎಣಿಕೆ ಇರಲಿ; ಎಡದ್ದು ಸುಳ್ಳಾದರೆ ಬಲದ್ದನ್ನು ಅದು ನೋಡುವುದೇ ಇಲ್ಲ. ತಪ್ಪು ಹುಡುಕುವಷ್ಟು ಕಾಲ [1] ಬದಲು ಆಟ್(1) ಬರೆಯಿರಿ. ಗಡಿ ಮೀರಿದರೆ ಅದು ಕಾರಣ ಹೇಳಿ ನಿಲ್ಲುತ್ತದೆ.

ಇದೂ ಅಲ್ಲದಿದ್ದರೆ ಎರಡು ಕಡೆ ನೋಡಿ. ಫಿಲ್ಟರ್‌ಗೆ ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಕೊಟ್ಟು, ಸೋಸುವ ಮಿತಿಯಾದ ಕಟ್‌ನ ಬೆಲೆಯನ್ನು [&] ಎಂದು ಹೊರಗಿನಿಂದ ಹಿಡಿದಿದ್ದೀರಾ? ಆ ಲ್ಯಾಂಬ್ಡಾವನ್ನು ಒಂದು ಫಂಕ್ಷನ್ ಒಳಗೆ ಕಟ್ಟಿ ಹಿಂತಿರುಗಿಸಿದ್ದರೆ, ಸುತ್ತು ಶುರುವಾಗುವ ಹೊತ್ತಿಗೆ ಆ ಫಂಕ್ಷನ್ ಮುಗಿದು ಅದರ ಬೆಲೆಯೂ ಅಳಿದಿರುತ್ತದೆ. [=] ಎಂದು ನಕಲು ತೆಗೆದುಕೊಳ್ಳಿ. ಇನ್ನೊಂದು: ಎನೇಬಲ್‌ಇಂಪ್ಲಿಸಿಟ್‌ಎಂಟಿ ಹಾಕಿ ಹಲವು ಎಳೆಗಳಲ್ಲಿ (ಥ್ರೆಡ್, ಒಟ್ಟಿಗೇ ನಡೆಯುವ ಕೆಲಸದ ಸರಣಿಗಳಲ್ಲಿ) ಓಡಿಸುತ್ತ, ಫಿಲ್ಟರ್‌ನೊಳಗಿಂದ ಹೊರಗಿನ ಒಂದೇ ವೆಕ್ಟರ್‌ಗೆ ಪುಶ್_ಬ್ಯಾಕ್ ಮಾಡುತ್ತಿದ್ದೀರಾ? ಎರಡು ಎಳೆಗಳು ಒಂದೇ ವೆಕ್ಟರ್‌ಗೆ ಒಟ್ಟಿಗೆ ಬರೆದರೆ ಕುಸಿತ ಖಂಡಿತ, ಅದೂ ಪ್ರತಿ ಸಲ ಬೇರೆ ಬೇರೆ ಘಟನೆಯಲ್ಲಿ. ಆ ಸಾಲನ್ನು ತೆಗೆದು ಒಂದೇ ಎಳೆಯಲ್ಲಿ ಓಡಿಸಿ ನೋಡಿ. ಒಂದೇ ಎಳೆ ಇದ್ದಾಗ ರೇಂಜ್(1000) ಎಂದು ಮೊದಲ ಸಾವಿರ ಘಟನೆಗಳಿಗೆ ಮಿತಿಗೊಳಿಸಲೂ ಬರುತ್ತದೆ. ಹಲವು ಎಳೆಗಳಿದ್ದರೆ ರೇಂಜ್ ನಡೆಯದು. ಮ್ಯಾಕ್ರೊವನ್ನು ಹಾಗೆಯೇ ಓಡಿಸದೆ ಕಡತದ ಹೆಸರಿನ ಕೊನೆಗೆ ++ಜಿ ಸೇರಿಸಿ ಕಂಪೈಲ್ ಮಾಡಿದರೆ ಕುಸಿದಾಗ ಸಾಲಿನ ನಂಬರೂ ಕಾಣುತ್ತದೆ.

ಎಲ್ಲ ಸರಿಯಾದ ಮೇಲೆ ಪ್ರತಿ ಫಿಲ್ಟರ್‌ಗೂ ಒಂದು ಹೆಸರು ಕೊಟ್ಟು ರಿಪೋರ್ಟ್ ಮುದ್ರಿಸಿ. ಯಾವ ಫಿಲ್ಟರ್ ಎಷ್ಟು ಘಟನೆಗಳನ್ನು ಪಡೆಯಿತು, ಎಷ್ಟನ್ನು ದಾಟಿಸಿತು ಎಂಬ ಪಟ್ಟಿ ಬರುತ್ತದೆ. ಹಿಸ್ಟೋಗ್ರಾಂನಲ್ಲಿ 3.1 ಜಿಇವಿ (ಶಕ್ತಿಯ ಏಕಮಾನ, ಇಲ್ಲಿ ದ್ರವ್ಯರಾಶಿಗೆ) ಹತ್ತಿರ ಜೆ-ಸೈ, 91 ಜಿಇವಿ ಹತ್ತಿರ ಝಡ್ ಕಣದ ಶಿಖರ ಎದ್ದು ನಿಲ್ಲಬೇಕು. ನಿಲ್ಲದಿದ್ದರೆ, ಕೋಡ್ ಕುಸಿಯದಿದ್ದರೂ ಸೋಸಿದ್ದು ತಪ್ಪಾಗಿದೆ.

ಪ್ರಶ್ನೆ: ಹವಾಮಾನ ಇಲಾಖೆಯ 0.25 ಡಿಗ್ರಿ ಗ್ರಿಡ್ ಮಳೆಯ ಬೈನರಿ ಕಡತಗಳಲ್ಲಿ ಮುಂಗಾರಿನ ದಿನಗಳನ್ನು ಮಾತ್ರ ಸೋಸುವ ಕೋಡ್ 2019ಕ್ಕೆ ಓಡುತ್ತದೆ, 2020ಕ್ಕೆ ನಿಲ್ಲುತ್ತದೆ.
— ಎಂಜಿನಿಯರಿಂಗ್ ವಿದ್ಯಾರ್ಥಿ, ಕಲಬುರಗಿ

ಉತ್ತರ: 2020 ಅಧಿಕ ವರ್ಷ. ದಿನಕ್ಕೆ 129 ಅಕ್ಷಾಂಶ, 135 ರೇಖಾಂಶ, ಒಟ್ಟು 17,415 ಬೆಲೆ. ಒಂದೊಂದಕ್ಕೂ 4 ಬೈಟ್. ಹಾಗಾಗಿ ಸಾಮಾನ್ಯ ವರ್ಷದ ಕಡತ 2,54,25,900 ಬೈಟ್, ಅಧಿಕ ವರ್ಷದ್ದು 2,54,95,560 ಬೈಟ್ ಇರಬೇಕು. 365 ಎಂದು ಕೋಡ್‌ನಲ್ಲಿ ಬರೆದಿಟ್ಟಿದ್ದರೆ, ಬೆಲೆಗಳನ್ನು ದಿನ, ಅಕ್ಷಾಂಶ, ರೇಖಾಂಶಗಳಾಗಿ ಜೋಡಿಸುವ ರೀಶೇಪ್‌ನಲ್ಲೇ ಬೀಳುತ್ತದೆ. ರೀಶೇಪ್ ಸರಿಪಡಿಸಿ ಮಾಸ್ಕ್ ಅನ್ನು 365ಕ್ಕೇ ಬಿಟ್ಟಿದ್ದರೆ ‘ಬೂಲಿಯನ್ ಇಂಡೆಕ್ಸ್ ಹೊಂದುತ್ತಿಲ್ಲ’ ಎಂದು ಮುಂದೆ ಬೀಳುತ್ತದೆ. ಕಡತದ ಗಾತ್ರವನ್ನು ಒಂದು ದಿನದ ಬೈಟ್‌ಗಳಿಂದ ಭಾಗಿಸಿ ದಿನಗಳ ಸಂಖ್ಯೆ ತೆಗೆಯಿರಿ, ಭಾಗಿಸಿ ಶೇಷ ಉಳಿದರೆ ಕಡತ ಪೂರ್ತಿ ಇಳಿದಿಲ್ಲ. ಜೂನ್ 1 ಸಾಮಾನ್ಯ ವರ್ಷದಲ್ಲಿ ಸೊನ್ನೆಯಿಂದ ಎಣಿಸಿ 151ನೇ ಸ್ಥಾನ, ಅಧಿಕ ವರ್ಷದಲ್ಲಿ 152. ಅಲ್ಲಿಂದ 122 ದಿನ ಸೆಪ್ಟೆಂಬರ್ 30ರವರೆಗೆ.

ರೀಶೇಪ್‌ನಲ್ಲಿ ಕ್ರಮ (ದಿನ, 129, 135). ಅದಲುಬದಲಾಗಿ (ದಿನ, 135, 129) ಕೊಟ್ಟರೆ ಗುಣಲಬ್ಧ ಒಂದೇ ಆದ್ದರಿಂದ ಎರರ್ ಬರುವುದಿಲ್ಲ, ಕಲಬುರಗಿ ಎಂದುಕೊಂಡು ಇನ್ನೆಲ್ಲಿಯದೋ ಮಳೆ ಓದುತ್ತೀರಿ. ಗ್ರಿಡ್ 6.5 ಉತ್ತರ, 66.5 ಪೂರ್ವದಿಂದ ಶುರುವಾಗುತ್ತದೆ. ಕಲಬುರಗಿಗೆ ಹತ್ತಿರದ ಬಿಂದು 17.25 ಉತ್ತರ, 76.75 ಪೂರ್ವ, ಅಂದರೆ ಸೊನ್ನೆಯಿಂದ ಎಣಿಸಿ ಅಕ್ಷಾಂಶದಲ್ಲಿ 43, ರೇಖಾಂಶದಲ್ಲಿ 41. ಬೆಲೆ ಇಲ್ಲದ ಕಡೆ -999 ಇರುತ್ತದೆ, ಯಾವ ಸರಾಸರಿಗೂ ಮೊದಲು ಸೊನ್ನೆಗಿಂತ ಕಡಿಮೆ ಇರುವುದನ್ನೆಲ್ಲ ಖಾಲಿ ಮಾಡಿ.

ಪ್ರಶ್ನೆ: ಉಪಗ್ರಹ ಚಿತ್ರದಿಂದ ತೆಗೆದ 2 ಕೋಟಿ ಸಾಲು, 30 ಕಾಲಂ ಇರುವ ಕಡತ. 8 ಜಿಬಿಯ ಲ್ಯಾಪ್‌ಟಾಪ್. ಸೋಸುವಾಗ ಯಾವ ಎರರ್ ಸಂದೇಶವೂ ಇಲ್ಲದೆ ‘ಕಿಲ್ಡ್’ ಎಂದಷ್ಟೇ ಬರುತ್ತದೆ.
— ಓದುಗರು, ಬಸವಕಲ್ಯಾಣ

ಉತ್ತರ: ಮೆಮೊರಿ ಸಾಲದೆ ಲಿನಕ್ಸ್ ನಿಮ್ಮ ಪ್ರೋಗ್ರಾಂ ಅನ್ನು ಕೊಂದಿದೆ, ಪೈಥಾನ್‌ಗೆ ಬಾಯಿ ಬಿಡಲೂ ಸಮಯ ಸಿಕ್ಕಿಲ್ಲ. ನಿರ್ಗಮನ ಸಂಖ್ಯೆ 137 ಇದ್ದರೆ ಬಹುಪಾಲು ಇದೇ ಕಾರಣ. 2 ಕೋಟಿ × 30 × 8 ಬೈಟ್ ಅಂದರೆ 4.8 ಜಿಬಿ. ಅರ್ಧ ಸಾಲು ಉಳಿಸುವ ಫಿಲ್ಟರ್ ಇನ್ನೂ 2.4 ಜಿಬಿಯ ನಕಲು ಮಾಡುತ್ತದೆ. ಮಾಸ್ಕ್‌ನಿಂದ ಭಾರವಿಲ್ಲ, ಅದು 2 ಕೋಟಿ ಬೈಟ್, ಅಂದರೆ 20 ಎಂಬಿ. ಯೂಸ್‌ಕಾಲ್ಸ್ ಕೊಟ್ಟು ಬೇಕಾದ ಆರೇಳು ಕಾಲಂ ಮಾತ್ರ ಓದಿ, ದಶಮಾಂಶಗಳಿಗೆ ಫ್ಲೋಟ್32 ಹೇಳಿ, ಚಂಕ್‌ಸೈಜ್ 5 ಲಕ್ಷ ಇಟ್ಟು ಒಂದೊಂದು ತುಂಡನ್ನೂ ಓದಿದ ಕೂಡಲೇ ಸೋಸಿ, ಸೋಸಿದ್ದನ್ನಷ್ಟೇ ಪಟ್ಟಿಗೆ ಸೇರಿಸಿ ಕೊನೆಗೆ ಕಾನ್‌ಕ್ಯಾಟ್ ಮಾಡಿ. ಪ್ರತಿ ತುಂಡಿಗೂ ಕಾನ್‌ಕ್ಯಾಟ್ ಮಾಡುತ್ತ ಹೋದರೆ ಪ್ರತಿ ಸಲವೂ ಹಿಂದಿನದೆಲ್ಲ ನಕಲಾಗಿ ಮತ್ತೆ ಅದೇ ಸ್ಥಿತಿ.

ಪ್ರಶ್ನೆ: ಹತ್ತು ಲಕ್ಷ ಸಾಲಿನಲ್ಲಿ ಯಾವುದೋ ಒಂದು ಸಾಲು ನಮ್ಮ ಫಿಲ್ಟರ್ ಫಂಕ್ಷನ್ ಅನ್ನು ಕೆಡವುತ್ತಿದೆ. ಸಾಲಿನ ನಂಬರು ಸಂದೇಶದಲ್ಲಿಲ್ಲ. ಹುಡುಕುವುದು ಹೇಗೆ?
— ಓದುಗರು, ಶಹಾಪುರ

ಉತ್ತರ: ಅರ್ಧ ಮಾಡುತ್ತ ಹೋಗಿ. ಮೊದಲ 5 ಲಕ್ಷಕ್ಕೆ ಓಡಿಸಿ. ಬಿದ್ದರೆ ತಪ್ಪು ಅಲ್ಲಿದೆ, ಬೀಳದಿದ್ದರೆ ಉಳಿದರ್ಧದಲ್ಲಿ. ಬಿದ್ದ ಭಾಗವನ್ನು ಮತ್ತೆ ಅರ್ಧ ಮಾಡಿ. 2ನ್ನು 20 ಸಲ ಗುಣಿಸಿದರೆ 10,48,576, ಆದ್ದರಿಂದ ಹತ್ತು ಲಕ್ಷಕ್ಕೆ 20 ಸಲ ಸಾಕು. ಈ ತುಂಡರಿಸುವಿಕೆಗೆ ಐಲೋಕ್ ಬಳಸಿ, ಹಳೆಯ ನಂಬರು ಉಳಿದಿರುತ್ತದೆ. ಪೈಥಾನ್ ಎರರ್ ಆಗಿದ್ದರೆ ಫಂಕ್ಷನ್ ಸುತ್ತ ಟ್ರೈ-ಎಕ್ಸೆಪ್ಟ್ ಹಾಕಿ, ಬಿದ್ದ ಸಾಲಿನ ನಂಬರನ್ನು ಪಟ್ಟಿಗೆ ಸೇರಿಸಿ. ಆದರೆ ಎಕ್ಸೆಪ್ಟ್ ಒಳಗೆ ಪಾಸ್ ಎಂದು ಬರೆದು ಬಿಡಬೇಡಿ, ಆ ಸಾಲುಗಳು ಯಾರಿಗೂ ಗೊತ್ತಾಗದಂತೆ ಫಲಿತಾಂಶದಿಂದ ಮಾಯವಾಗುತ್ತವೆ. ಸೆಗ್‌ಮೆಂಟೇಶನ್ ಫಾಲ್ಟ್ ಆಗಿದ್ದರೆ ಟ್ರೈ ಹಿಡಿಯದು. ಆಗ ಪೈಥಾನ್ ಅನ್ನು -ಎಕ್ಸ್ ಫಾಲ್ಟ್‌ಹ್ಯಾಂಡ್ಲರ್ ಎಂಬ ಆಯ್ಕೆಯೊಂದಿಗೆ ಓಡಿಸಿ, ಪ್ರತಿ ತುಂಡನ್ನೂ ಬೇರೆ ಬೇರೆ ರನ್ ಆಗಿ ಪರೀಕ್ಷಿಸಿ. ಸಾಲು ಸಿಕ್ಕ ಮೇಲೆ ಅದನ್ನು ಅಳಿಸಿ ಮುಂದೆ ಹೋಗಬೇಡಿ. ಆ ಸಾಲನ್ನು ಅದರ ಹಿಂದಿನ ಎರಡು, ಮುಂದಿನ ಎರಡು ಸಾಲುಗಳ ಜೊತೆ ಒಂದು ಪುಟ್ಟ ಕಡತವಾಗಿ ಉಳಿಸಿ, ಕೋಡ್ ತಿದ್ದಿದಾಗಲೆಲ್ಲ ಮೊದಲು ಅದರ ಮೇಲೆ ಓಡಿಸಿ ನೋಡಿ.